ಗೆರೆಯಲ್ಲಿ ಕುಣಿತ ತಂದ ಕೆ.ಕೆ. ಹೆಬ್ಬಾರ್

ಕಟ್ಟಿಂಗೇರಿ ಕೃಷ್ಣ ಹೆಬ್ಬಾರರು ನಮ್ಮ ನಾಡಿನ ದೊಡ್ಡ ಚಿತ್ರಕಲಾವಿದರು. 1911ರಲ್ಲಿ ಉಡುಪಿ ಹತ್ತಿರದ ಕಟ್ಟಿಂಗೇರಿ ಎಂಬ ಹಳ್ಳಿಯಲ್ಲಿ ಹುಟ್ಟಿದರು. ಅವರ ತಂದೆ ಚೌತಿ ಹಬ್ಬಕ್ಕೆ ಮಣ್ಣಿನ ಗಣಪತಿ ಮಾಡುತ್ತಿದ್ದರು. ಹೆಬ್ಬಾರರು ಮುಂಬಯಿಯ ಜೆ.ಜೆ. ಕಲಾಶಾಲೆಯಲ್ಲಿ ಓದಿ, ಅಲ್ಲೇ ಮೇಷ್ಟ್ರಾದರು.

ಮೇಷ್ಟ್ರಾದ ಮೇಲೂ ಅವರು ಕಲಿಯೋದು ನಿಲ್ಲಿಸಲಿಲ್ಲ. ಪ್ಯಾರಿಸ್ಸಿಗೆ ಹೋಗಿ ಮತ್ತೆ ವಿದ್ಯಾರ್ಥಿಯಾದರು. ಚಿತ್ರದಲ್ಲಿ ಲಯ ಇರಬೇಕು ಅಂತ ಕಥಕ್ ನೃತ್ಯವನ್ನೂ ಕಲಿತರು! ಅದಕ್ಕೇ ಅವರ ಗೆರೆಗಳು ಕುಣಿದ ಹಾಗೆ ಕಾಣುತ್ತವೆ. ಕೆಲವೇ ಗೆರೆಯಲ್ಲಿ ಇಡೀ ಮನುಷ್ಯನನ್ನು ತೋರಿಸಿಬಿಡುತ್ತಿದ್ದರು.

1961ರಲ್ಲಿ ಪದ್ಮಶ್ರೀ ಬಂತು. ಆಗ ಅವರಿಗೆ ಹತ್ತಿರ ಹತ್ತಿರ 50 ವರ್ಷ. ಪದ್ಮಭೂಷಣ ಬಂದಿದ್ದು ಅದಾದ 28 ವರ್ಷಕ್ಕೆ, 1989ರಲ್ಲಿ. 1996ರಲ್ಲಿ ತೀರಿಕೊಂಡರು.

ಬಣ್ಣದ ಡಬ್ಬಿ ಇಲ್ಲ, ಬಹುಮಾನ ಬರಲಿಲ್ಲ ಅಂತ ನಮ್ಮಲ್ಲಿ ಎಷ್ಟೋ ಜನ ಚಿತ್ರ ಬರೆಯೋದನ್ನೇ ಬಿಡುತ್ತಾರೆ. ಹೊಸದಾಗಿ ಕಲಿಯುವವರಿಗೆ ಒಂದು ಪೆನ್ಸಿಲ್ ಸಾಕು. ಪುಸ್ತಕದ ಚಿತ್ರ ನಕಲು ಮಾಡೋದಕ್ಕಿಂತ ರಾಗಿ ಕೊಯ್ಯುವವರ ಬೆನ್ನು, ಸೊಪ್ಪಿನ ಹೊರೆ ಹೊತ್ತವರ ನಡಿಗೆ, ದನದ ಕಾಲು ನೋಡಿ ಬರೆಯಿರಿ. ರಬ್ಬರ್ ಕಡಿಮೆ ಬಳಸಿ, ಗೆರೆ ತಪ್ಪಿದರೆ ಪಕ್ಕದಲ್ಲಿ ಇನ್ನೊಂದು ಎಳೆಯಿರಿ. ದಿನಕ್ಕೊಂದು ಚಿತ್ರವಾದರೂ ಆಗಲಿ. ಪ್ರಶಸ್ತಿ ತಡವಾಗಿ ಬರಬಹುದು, ಕೈ ಮಾತ್ರ ಇವತ್ತಿನಿಂದಲೇ ಪಳಗಬೇಕು.