ಬೆಟ್ಟದ ಪದಾತಿದಳ, ಬೆಟ್ಟದ ನಾಡಿನ ದಂಡನಾಯಕ: ಕುಮಾಂವ್ ರೆಜಿಮೆಂಟ್ ಮತ್ತು ಜನರಲ್ ತಿಮ್ಮಯ್ಯ

ರಾವಂದೂರು: ಪಿರಿಯಾಪಟ್ಟಣ ತಾಲ್ಲೂಕಿನ ರಾವಂದೂರು ಸುತ್ತಮುತ್ತಲ ಹೊಗೆಸೊಪ್ಪಿನ ಹೊಲಗಳನ್ನು ದಾಟಿ ಪಶ್ಚಿಮಕ್ಕೆ ಸಾಗಿದರೆ ಬಯಲು ಮುಗಿದು ಕೊಡಗಿನ ಬೆಟ್ಟಸಾಲು ಆರಂಭವಾಗುತ್ತದೆ. ಗಡಿಯ ಇತ್ತ ಇದೇ ತಾಲ್ಲೂಕಿನ ಬೈಲಕುಪ್ಪೆ. 1959ರಲ್ಲಿ ಲಾಸಾದ ದಂಗೆಯ ನಂತರ ತಾಯ್ನಾಡು ತೊರೆದ ಟಿಬೆಟನ್ನರಿಗೆ ಮೈಸೂರು ರಾಜ್ಯ ಸರ್ಕಾರ ಜಮೀನು ಕೊಟ್ಟು ನೆಲೆ ಕಲ್ಪಿಸಿದ ಸ್ಥಳವದು. ಗಡಿಯ ಅತ್ತ ಮಡಿಕೇರಿ. ಅಲ್ಲಿ ಹುಟ್ಟಿದ ವ್ಯಕ್ತಿಯೊಬ್ಬರು ಅದೇ 1959ರಲ್ಲಿ ಭಾರತದ ಭೂಸೇನೆಯ ಮುಖ್ಯಸ್ಥರಾಗಿದ್ದರು ಹಾಗೂ ಅದೇ ವರ್ಷದ ಆಗಸ್ಟ್ ತಿಂಗಳ ಕೊನೆಯ ದಿನ ತಮ್ಮ ಹುದ್ದೆಗೆ ರಾಜೀನಾಮೆ ಸಲ್ಲಿಸಿದ್ದರು. ಹಿಮಾಲಯದ ಆಚೆ ನಡೆದ ಒಂದೇ ವಿದ್ಯಮಾನದ ಎರಡು ಪರಿಣಾಮಗಳು ಕಾವೇರಿ ತೀರದ ಈ ಪ್ರದೇಶದಲ್ಲಿ ಇಷ್ಟು ಸನಿಹದಲ್ಲಿವೆ ಎಂಬುದು ಇಲ್ಲಿಂದ ಮಡಿಕೇರಿಗೆ ಪ್ರವಾಸ ಹೋಗುವ ಬಹುಮಂದಿಯ ಗಮನಕ್ಕೆ ಬಂದಿರಲಾರದು.

ಆ ವ್ಯಕ್ತಿ ಕೊಡಂದೇರ ಸುಬ್ಬಯ್ಯ ತಿಮ್ಮಯ್ಯ. ಸೇನೆಯ ಸಹೋದ್ಯೋಗಿಗಳಿಗೆ ಅವರು 'ಟಿಮ್ಮಿ'. ಕಾಫಿ ಬೆಳೆಗಾರರ ಕುಟುಂಬದಲ್ಲಿ 1906ರ ಮಾರ್ಚ್ ಕೊನೆಯಲ್ಲಿ ಜನಿಸಿದ ಅವರನ್ನು ಎಂಟನೆಯ ವಯಸ್ಸಿಗೇ ಕೂನೂರಿನ ಸೇಂಟ್ ಜೋಸೆಫ್ ವಸತಿ ಶಾಲೆಗೆ ಸೇರಿಸಲಾಯಿತು. ಅನಂತರ ಬೆಂಗಳೂರಿನ ಬಿಷಪ್ ಕಾಟನ್ ಬಾಲಕರ ಶಾಲೆ, ಅಲ್ಲಿಂದ ಡೆಹ್ರಾಡೂನಿನ ರಾಯಲ್ ಇಂಡಿಯನ್ ಮಿಲಿಟರಿ ಕಾಲೇಜು, ಕೊನೆಗೆ ಇಂಗ್ಲೆಂಡಿನ ಸ್ಯಾಂಡ್‌ಹರ್ಸ್ಟ್. 1926ರ ಫೆಬ್ರುವರಿಯಲ್ಲಿ ಅಧಿಕಾರಿಯಾಗಿ ನೇಮಕಗೊಂಡ ತಿಮ್ಮಯ್ಯ ಆಗಿನ ಪದ್ಧತಿಯಂತೆ ಕೆಲಕಾಲ ಬ್ರಿಟಿಷ್ ಪಡೆಯೊಂದರಲ್ಲಿ, ಅಂದರೆ ಹೈಲ್ಯಾಂಡ್ ಲೈಟ್ ಇನ್‌ಫೆಂಟ್ರಿಯಲ್ಲಿ, ಅನುಭವ ಪಡೆದು 19ನೇ ಹೈದರಾಬಾದ್ ರೆಜಿಮೆಂಟಿನ 4ನೇ ಬೆಟಾಲಿಯನ್ ಸೇರಿದರು. ಇದೇ ರೆಜಿಮೆಂಟ್ ಮುಂದೆ ಕುಮಾಂವ್ ರೆಜಿಮೆಂಟ್ ಆಯಿತು.

ಗುಡ್ಡಗಾಡಿನ ಯುದ್ಧಕ್ಕೆ ಗುಡ್ಡಗಾಡಿನ ಜನರನ್ನೇ ಸಜ್ಜುಗೊಳಿಸುವ ಕ್ರಮ ಜಗತ್ತಿನ ಅನೇಕ ಸೇನೆಗಳಲ್ಲಿದೆ. ಇಟಲಿ ತನ್ನ ಉತ್ತರದ ಗಡಿ ಕಾಯಲು 1872ರಲ್ಲಿ ಕಟ್ಟಿದ ಆಲ್ಪೀನಿ ಪಡೆ ಇದಕ್ಕೆ ಹೆಸರಾಂತ ಉದಾಹರಣೆ. ಆಲ್ಪ್ಸ್ ಕಣಿವೆಗಳ ಯುವಕರನ್ನು ಅವರವರ ಊರಿನ ಸಮೀಪದಲ್ಲೇ ಸೇರಿಸಿಕೊಂಡು, ಗರಿ ಸಿಕ್ಕಿಸಿದ ಟೋಪಿ ತೊಡಿಸಿ ಬೆಳೆಸಿದ ಪಡೆಯದು. ಕುಮಾಂವ್ ರೆಜಿಮೆಂಟಿನ ಕಥೆ ಇಷ್ಟು ಸರಳವಲ್ಲ. ಅದರ ಬೇರು ಹಿಮಾಲಯದಲ್ಲಿಲ್ಲ, ನಮ್ಮ ದಖ್ಖನಿನಲ್ಲಿದೆ. ಹೈದರಾಬಾದಿನ ಬ್ರಿಟಿಷ್ ರೆಸಿಡೆಂಟ್ ಹೆನ್ರಿ ರಸೆಲ್ 1813ರಲ್ಲಿ ನಿಜಾಮರ ಖರ್ಚಿನಲ್ಲಿ ಕಟ್ಟಿದ ತುಕಡಿಗಳು ಕಾಲಾಂತರದಲ್ಲಿ ಹೈದರಾಬಾದ್ ಕಂಟಿಂಜೆಂಟ್ ಎನಿಸಿಕೊಂಡು, 1922ರ ಪುನಸ್ಸಂಘಟನೆಯಲ್ಲಿ 19ನೇ ಹೈದರಾಬಾದ್ ರೆಜಿಮೆಂಟ್ ಆದವು. ಇತ್ತ 1917ರಲ್ಲಿ ರಾಣಿಖೇತದಲ್ಲಿ ಕಟ್ಟಿದ ಕುಮಾಂವಿ ಬೆಟಾಲಿಯನ್ ಕೂಡ ಅದರೊಳಗೆ ಸೇರಿತು. ಕಾಲ ಸರಿದಂತೆ ದಖ್ಖನಿನ ಹೆಸರು ಮಾತ್ರ ಉಳಿದು, ಸೈನಿಕರೆಲ್ಲ ಕುಮಾಂವ್ ಬೆಟ್ಟದವರು, ಅಹಿರರು, ಜಾಟರು ಆಗಿಬಿಟ್ಟರು. ಹೀಗಾಗಿ 1945ರ ಅಕ್ಟೋಬರ್ 27ರಂದು ರೆಜಿಮೆಂಟಿಗೆ ಕುಮಾಂವ್ ಎಂಬ ಹೆಸರಿಡಲಾಯಿತು. 1948ರಲ್ಲಿ ಅದರ ಕೇಂದ್ರವೂ ಆಗ್ರಾದಿಂದ ರಾಣಿಖೇತಕ್ಕೆ ಸ್ಥಳಾಂತರಗೊಂಡಿತು.

ಇಂತಹ ಪಡೆಗೆ ಕೊಡಗಿನ ಯುವಕ ಹೊಂದಿಕೊಂಡದ್ದು ಆಶ್ಚರ್ಯವಲ್ಲ. ಆದರೆ ಬ್ರಿಟಿಷರ ಸಮವಸ್ತ್ರ ತೊಟ್ಟ ಭಾರತೀಯನ ಮನಸ್ಸಿನ ತೊಳಲಾಟ ಅವರನ್ನೂ ಬಿಡಲಿಲ್ಲ. ಬೆಟಾಲಿಯನ್ ಅಲಹಾಬಾದಿನಲ್ಲಿದ್ದಾಗ ಅವರಿಗೆ ಮೋತಿಲಾಲ್ ನೆಹರೂ ಅವರ ಪರಿಚಯವಾಯಿತು. ಸ್ವಾತಂತ್ರ್ಯ ಚಳವಳಿಯ ಕಾವಿನ ನಡುವೆ ಕೆಲಸ ಬಿಟ್ಟು ಬರಬೇಕೇ ಎಂಬ ಪ್ರಶ್ನೆ ಯುವ ಅಧಿಕಾರಿಗಳ ಗುಂಪನ್ನು ಕಾಡುತ್ತಿತ್ತು. ಸ್ವತಂತ್ರ ಭಾರತಕ್ಕೆ ತರಬೇತಿ ಪಡೆದ ಅಧಿಕಾರಿಗಳು ಬೇಕಾಗುತ್ತಾರೆ, ಆದ್ದರಿಂದ ಸೇನೆಯಲ್ಲೇ ಉಳಿಯಿರಿ ಎಂಬ ಸಲಹೆ ಆ ಹಿರಿಯರಿಂದಲೇ ಬಂದಿತೆಂಬುದು ತಿಮ್ಮಯ್ಯನವರ ಜೀವನಚರಿತ್ರೆಯಲ್ಲಿ ದಾಖಲಾಗಿದೆ. ಮೂರು ದಶಕಗಳ ಬಳಿಕ ಅದೇ ಮೋತಿಲಾಲರ ಪುತ್ರನ ಮೇಜಿನ ಮೇಲೆ ತಿಮ್ಮಯ್ಯ ರಾಜೀನಾಮೆ ಪತ್ರ ಇಡಬೇಕಾಗಿ ಬಂದದ್ದು ಇತಿಹಾಸದ ವಿಚಿತ್ರ.

1935ರ ಜನವರಿಯಲ್ಲಿ ಅವರು ಕೊಡಗಿನವರೇ ಆದ ನೀನಾ ಅವರನ್ನು ವಿವಾಹವಾದರು. ನಾಲ್ಕೇ ತಿಂಗಳಲ್ಲಿ, ಮೇ 31ರ ನಸುಕಿನಲ್ಲಿ, ಕ್ವೆಟ್ಟಾ ನಗರ ಭೂಕಂಪದಲ್ಲಿ ಕುಸಿದು ಹತ್ತಾರು ಸಾವಿರ ಜನ ಮಡಿದರು. ದಂಪತಿ ಪರಿಹಾರ ಕಾರ್ಯದಲ್ಲಿ ತೊಡಗಿಕೊಂಡರು. ನೀನಾ ಅವರ ಸೇವೆಗೆ ಕೈಸರ್-ಇ-ಹಿಂದ್ ಪದಕ ದೊರೆಯಿತು.

ಎರಡನೇ ಮಹಾಯುದ್ಧ ಈ ಕುಟುಂಬವನ್ನು ಸೀಳಿತು. ತಿಮ್ಮಯ್ಯನವರ 4ನೇ ಬೆಟಾಲಿಯನ್ ಸಿಂಗಪುರದಲ್ಲಿತ್ತು. 1941ರಲ್ಲಿ ಅವರು ಭಾರತಕ್ಕೆ ವರ್ಗವಾಗಿ ಬಂದರು. 1942ರ ಫೆಬ್ರುವರಿಯಲ್ಲಿ ಸಿಂಗಪುರ ಬಿದ್ದಾಗ ಆ ಬೆಟಾಲಿಯನ್ ಜಪಾನೀಯರ ಕೈಸೆರೆಯಾಯಿತು. ಸೇನಾಧಿಕಾರಿಯಾಗಿದ್ದ ಅವರ ಅಣ್ಣ ಪೊನ್ನಪ್ಪ ಇಂಡಿಯನ್ ನ್ಯಾಷನಲ್ ಆರ್ಮಿಯನ್ನು ಸೇರಿದರು. ಒಬ್ಬ ಸಹೋದರ ಬ್ರಿಟಿಷ್ ಇಂಡಿಯಾದ ಸೇನೆಯಲ್ಲಿ, ಇನ್ನೊಬ್ಬ ಅದಕ್ಕೆ ಎದುರಾಗಿ. ಇಬ್ಬರಲ್ಲಿ ಯಾರದು ಸರಿಯಾದ ಆಯ್ಕೆ ಎಂದು ಇಂದು ಕುಳಿತು ತೀರ್ಪು ಕೊಡುವುದು ಸುಲಭ. ಆದರೆ ಒಂದೇ ಮನೆಯಿಂದ ಹೊರಟ ಇಬ್ಬರಿಗೂ ಗುರಿಯಾಗಿದ್ದದ್ದು ಒಂದೇ ದೇಶ ಎಂಬುದನ್ನು ಮರೆಯುವಂತಿಲ್ಲ.

ಬರ್ಮಾದ ಅರಕಾನ್ ಕರಾವಳಿಯಲ್ಲಿ ತಿಮ್ಮಯ್ಯ ತಮ್ಮದೇ ರೆಜಿಮೆಂಟಿನ 8ನೇ ಬೆಟಾಲಿಯನ್ನಿನ ನೇತೃತ್ವ ವಹಿಸಿದರು. 1945ರ ಜನವರಿಯ ಕಾಂಗಾವ್ ಕಾಳಗದಲ್ಲಿ ಹೋರಾಡಿದ 51ನೇ ಬ್ರಿಗೇಡಿನ ಮೂರೂ ಬೆಟಾಲಿಯನ್‌ಗಳಿಗೆ ಭಾರತೀಯರೇ ಮುಖ್ಯಸ್ಥರು: ತಿಮ್ಮಯ್ಯ, ಎಸ್.ಪಿ.ಪಿ. ಥೋರಟ್ ಮತ್ತು ಎಲ್.ಪಿ. ಸೇನ್. ಭಾರತೀಯ ಅಧಿಕಾರಿಗಳು ಯುದ್ಧರಂಗದಲ್ಲಿ ಬೆಟಾಲಿಯನ್ ನಡೆಸಬಲ್ಲರೇ ಎಂಬ ಸಂದೇಹ ಬ್ರಿಟಿಷರಲ್ಲಿ ಬಲವಾಗಿದ್ದ ಕಾಲವದು. ಮೂವರಿಗೂ ಡಿಎಸ್‌ಒ ಪದಕ ಲಭಿಸಿತು. ತಿಮ್ಮಯ್ಯ 36ನೇ ಬ್ರಿಗೇಡಿನ ಮುಖ್ಯಸ್ಥರಾಗಿ ಬಡ್ತಿ ಪಡೆದು, ಆ ಮಹಾಯುದ್ಧದ ರಣರಂಗದಲ್ಲಿ ಬ್ರಿಗೇಡ್ ಒಂದನ್ನು ನಡೆಸಿದ ಮೊದಲ ಭಾರತೀಯ ಎನಿಸಿದರು. ಯುದ್ಧಾನಂತರ ಜಪಾನಿನಲ್ಲಿ ನೆಲೆಸಿದ್ದ ಭಾರತೀಯ ಬ್ರಿಗೇಡಿನ ಹೊಣೆಯೂ ಅವರದಾಯಿತು.

ಅವರ ಜೀವನದ ಅತ್ಯಂತ ಸಾಹಸಮಯ ಅಧ್ಯಾಯ ಕಾಶ್ಮೀರದ್ದು. ರೆಜಿಮೆಂಟಿಗೆ ಹೊಸ ಹೆಸರು ಬಂದ ಸರಿಯಾಗಿ ಎರಡು ವರ್ಷಕ್ಕೆ, 1947ರ ಅಕ್ಟೋಬರ್ 27ರಂದು, ಭಾರತದ ಪಡೆಗಳು ಶ್ರೀನಗರದಲ್ಲಿ ಇಳಿದವು. ಒಂದೇ ವಾರದಲ್ಲಿ, ನವೆಂಬರ್ 3ರಂದು, ಬಡಗಾಮಿನಲ್ಲಿ 4 ಕುಮಾಂವ್‌ನ ಮೇಜರ್ ಸೋಮನಾಥ ಶರ್ಮಾ ತಮ್ಮ ಕಂಪನಿಯೊಡನೆ ವಿಮಾನ ನಿಲ್ದಾಣದತ್ತ ನುಗ್ಗುತ್ತಿದ್ದ ದಾಳಿಕೋರರನ್ನು ತಡೆದು ಪ್ರಾಣತೆತ್ತರು. ದೇಶದ ಮೊಟ್ಟಮೊದಲ ಪರಮವೀರ ಚಕ್ರ ಅವರದು. ತಿಮ್ಮಯ್ಯ ಸೇವೆ ಆರಂಭಿಸಿದ್ದು ಇದೇ ಬೆಟಾಲಿಯನ್ನಿನಲ್ಲಿ.

1948ರಲ್ಲಿ ಮೇಜರ್ ಜನರಲ್ ಆಗಿ ಕಾಶ್ಮೀರ ಕಣಿವೆಯ ಡಿವಿಷನ್ನಿನ ಹೊಣೆ ವಹಿಸಿಕೊಂಡ ತಿಮ್ಮಯ್ಯನವರಿಗೆ ಎದುರಾದದ್ದು ಲಡಾಖಿನ ಸಂಕಟ. ದಾಳಿಕೋರರು ಕಾರ್ಗಿಲ್, ದ್ರಾಸ್‌ಗಳನ್ನು ಹಿಡಿದು ಜೋಜಿ ಲಾ ಕಣಿವೆಮಾರ್ಗವನ್ನು ಮುಚ್ಚಿದ್ದರು. ಲೇಹ್ ಪಟ್ಟಣಕ್ಕೆ ನೆಲದ ಹಾದಿಯೇ ಇಲ್ಲವಾಯಿತು. ಎಂಜಿನಿಯರ್ ಸೋನಂ ನೋರ್ಬು ಸಿಂಧೂ ತೀರದಲ್ಲಿ 11,500 ಅಡಿಗಳಿಗೂ ಎತ್ತರದ ಜಾಗದಲ್ಲಿ ಕಚ್ಚಾ ಓಡುದಾರಿಯೊಂದನ್ನು ಸಿದ್ಧಪಡಿಸಿದರು. ಮೇ 24ರಂದು ಏರ್ ಕಮೊಡೋರ್ ಮೆಹರ್ ಸಿಂಗ್, ಆಮ್ಲಜನಕದ ವ್ಯವಸ್ಥೆಯಾಗಲಿ ಸರಿಯಾದ ನಕಾಶೆಯಾಗಲಿ ಇಲ್ಲದ ಡಕೋಟಾ ವಿಮಾನವನ್ನು ಹಿಮಶಿಖರಗಳ ಮೇಲಿಂದ ಹಾರಿಸಿ ಅಲ್ಲಿ ಇಳಿಸಿದರು. ವಿಮಾನದಲ್ಲಿ ಅವರ ಜೊತೆ ಡಿವಿಷನ್ನಿನ ಮುಖ್ಯಸ್ಥರಾದ ತಿಮ್ಮಯ್ಯ ಕುಳಿತಿದ್ದರು. ಅಪಾಯವಿದ್ದೆಡೆ ಅಧೀನರನ್ನು ಮಾತ್ರ ಕಳುಹಿಸುವ ಸ್ವಭಾವ ಅವರದಲ್ಲ. ಸೈನಿಕರು ಅವರನ್ನು ಅಷ್ಟೊಂದು ಪ್ರೀತಿಸಿದ್ದಕ್ಕೆ ಬೇರೆ ಕಾರಣ ಹುಡುಕಬೇಕಾಗಿಲ್ಲ.

ಜೋಜಿ ಲಾ ಮಾತ್ರ ಜಗ್ಗಲಿಲ್ಲ. ಸೆಪ್ಟೆಂಬರಿನಲ್ಲಿ 77ನೇ ಪ್ಯಾರಾ ಬ್ರಿಗೇಡ್ ನಡೆಸಿದ ದಾಳಿಗಳು ವಿಫಲವಾದವು. ಇಕ್ಕೆಲದ ಬಂಡೆಗಳ ಗುಹೆಗಳಲ್ಲಿ ಅಡಗಿದ್ದ ಮೆಷಿನ್‌ಗನ್‌ಗಳೆದುರು ಕಾಲಾಳುಗಳು ಮುಂದುವರಿಯುವುದು ಅಸಾಧ್ಯವಾಗಿತ್ತು. ಚಳಿಗಾಲ ಕವಿಯುವ ಮುನ್ನ ದಾರಿ ತೆರೆಯದಿದ್ದರೆ ಲೇಹ್ ಕೈತಪ್ಪುವ ಭೀತಿ. ಆಗ ಟ್ಯಾಂಕುಗಳನ್ನು ಅಲ್ಲಿಗೆ ಏರಿಸುವ ಯೋಜನೆ ರೂಪುಗೊಂಡಿತು. ಪಶ್ಚಿಮ ಕಮಾಂಡಿನ ಮುಖ್ಯಸ್ಥರಾಗಿದ್ದವರು ಲೆಫ್ಟಿನೆಂಟ್ ಜನರಲ್ ಕೆ.ಎಂ. ಕಾರ್ಯಪ್ಪ, ಅವರೂ ಕೊಡಗಿನವರೇ. 7ನೇ ಲೈಟ್ ಕ್ಯಾವಲ್ರಿಯ ಸ್ಟುವರ್ಟ್ ಟ್ಯಾಂಕುಗಳ ಗೋಪುರಗಳನ್ನು ಕಳಚಿ, ಗುರುತು ಸಿಗದಂತೆ ಮುಚ್ಚಿ ಜಮ್ಮು ಕಡೆಯಿಂದ ಶ್ರೀನಗರದ ಮೂಲಕ ಬಾಲ್ತಾಲ್‌ಗೆ ಸಾಗಿಸಲಾಯಿತು. ಬಾಲ್ತಾಲ್‌ನಿಂದ ಮೇಲಕ್ಕೆ ಹೇಸರಗತ್ತೆಯ ಹಾದಿಯಷ್ಟೇ ಇತ್ತು. ಅದನ್ನು ಟ್ಯಾಂಕು ಹತ್ತುವಷ್ಟು ಅಗಲಿಸಿದವರು ಮದ್ರಾಸ್ ಸ್ಯಾಪರ್ಸ್. ಬೆಂಗಳೂರಿನ ಹಲಸೂರು ಕೆರೆಯ ದಂಡೆಯಲ್ಲಿ ಕೇಂದ್ರ ಹೊಂದಿರುವ ಪಡೆಯಿದು.

ನವೆಂಬರ್ 1ರಂದು, ಹಿಮ ಬೀಳುವ ದಿನಗಳಲ್ಲಿ, ಸುಮಾರು 11,500 ಅಡಿ ಎತ್ತರದ ಕಣಿವೆಯೊಳಗೆ ಟ್ಯಾಂಕುಗಳು ನುಗ್ಗಿದವು. ಅಷ್ಟು ಎತ್ತರದಲ್ಲಿ ಟ್ಯಾಂಕು ಕಾದಾಡಿದ ನಿದರ್ಶನ ಜಗತ್ತಿನಲ್ಲಿ ಅದುವರೆಗೆ ಇರಲಿಲ್ಲ. ಲೆಫ್ಟಿನೆಂಟ್ ಕರ್ನಲ್ ರಾಜಿಂದರ್ ಸಿಂಗ್ ಅವರ ಪಡೆಯ ಮುಂಚೂಣಿಯ ಟ್ಯಾಂಕಿನಲ್ಲಿ ಸ್ವತಃ ತಿಮ್ಮಯ್ಯ ಇದ್ದರು. ಟ್ಯಾಂಕನ್ನು ನಿರೀಕ್ಷಿಸಿಯೇ ಇರದಿದ್ದ ಎದುರಾಳಿಗಳು ಕಾಲ್ತೆಗೆದರು. ನವೆಂಬರ್ ಮಧ್ಯದಲ್ಲಿ ದ್ರಾಸ್, ತಿಂಗಳ ಕೊನೆಯೊಳಗೆ ಕಾರ್ಗಿಲ್ ಮರಳಿ ವಶವಾದವು. ಲೇಹ್ ಉಳಿಯಿತು. 1999ರಲ್ಲಿ ಕಾರ್ಗಿಲ್ ಯುದ್ಧದ ವರದಿಗಳನ್ನು ಟಿ.ವಿ.ಯಲ್ಲಿ ಕಂಡವರಿಗೆ ಈ ಹೆಸರುಗಳು ಪರಿಚಿತ. ಐವತ್ತು ವರ್ಷ ಮುಂಚೆ ಅದೇ ದಾರಿ ತೆರೆದವರು ಯಾರೆಂಬುದು ಅಷ್ಟಾಗಿ ಪ್ರಚಾರ ಪಡೆದಿಲ್ಲ. ಈ ಕಾಶ್ಮೀರ ಯುದ್ಧದಲ್ಲೇ ತಿಮ್ಮಯ್ಯ ತಮ್ಮ ಕಿರಿಯ ಸಹೋದರ ಸೋಮಯ್ಯ ಅವರನ್ನು ಕಳೆದುಕೊಂಡರು.

ಕೊರಿಯಾ ಯುದ್ಧ ನಿಂತ ಮೇಲೆ 1953ರಲ್ಲಿ ಅವರಿಗೆ ಬೇರೆಯೇ ಬಗೆಯ ಪರೀಕ್ಷೆ ಕಾದಿತ್ತು. ಸ್ವದೇಶಕ್ಕೆ ಮರಳಲು ಒಪ್ಪದ ಇಪ್ಪತ್ತೆರಡು ಸಾವಿರಕ್ಕೂ ಹೆಚ್ಚು ಚೀನೀ ಮತ್ತು ಉತ್ತರ ಕೊರಿಯಾದ ಯುದ್ಧಕೈದಿಗಳ ವಿಚಾರಣೆಗೆ ನೇಮಿಸಿದ ತಟಸ್ಥ ರಾಷ್ಟ್ರಗಳ ಆಯೋಗಕ್ಕೆ ತಿಮ್ಮಯ್ಯ ಅಧ್ಯಕ್ಷರು. ಕೈದಿಗಳನ್ನು ಕಾಯುವ ಭಾರತೀಯ ಪಡೆಗೆ ಕಾಂಗಾವ್‌ನ ಸಹಯೋಧ ಥೋರಟ್ ಮುಖ್ಯಸ್ಥರು. ಎರಡೂ ಬಣಗಳ ಅನುಮಾನದ ನಡುವೆ ನಿಂತು ಆ ಕೆಲಸ ಮುಗಿಸಿದ ಅವರಿಗೆ 1954ರಲ್ಲಿ ಪದ್ಮಭೂಷಣ ಸಂದಿತು. 1957ರ ಮೇ 8ರಂದು ಅವರು ಭೂಸೇನೆಯ ಮುಖ್ಯಸ್ಥರಾದರು. ಅವರಿಗೆ ಮುನ್ನ ಶ್ರೀನಾಗೇಶ್, ಅನಂತರದ ವರ್ಷಗಳಲ್ಲಿ ಟಿ.ಎನ್. ರೈನಾ: ಮೂವರು ದಂಡನಾಯಕರನ್ನು ಕೊಟ್ಟ ಹೆಮ್ಮೆ ಕುಮಾಂವ್ ರೆಜಿಮೆಂಟಿನದು.

ಆದರೆ ರಕ್ಷಣಾ ಸಚಿವ ವಿ.ಕೆ. ಕೃಷ್ಣ ಮೆನನ್ ಅವರೊಂದಿಗೆ ಹೊಂದಾಣಿಕೆ ಆಗಲಿಲ್ಲ. ಹಿರಿಯ ಅಧಿಕಾರಿಗಳ ಬಡ್ತಿ, ಅದರಲ್ಲೂ ಬಿ.ಎಂ. ಕೌಲ್ ಅವರಿಗೆ ದೊರೆತ ಮನ್ನಣೆ, ವಿರಸಕ್ಕೆ ಕಾರಣವಾಯಿತು. 1959ರ ಆಗಸ್ಟ್ 25ರಂದು ಈಶಾನ್ಯ ಗಡಿಯ ಲೊಂಗ್ಜುವಿನಲ್ಲಿ ಚೀನೀ ಸೈನಿಕರೊಡನೆ ಘರ್ಷಣೆ ನಡೆದು ವಾರ ಕಳೆಯುವ ಮುನ್ನವೇ ದಂಡನಾಯಕರ ರಾಜೀನಾಮೆ ಪ್ರಧಾನಿ ನೆಹರೂ ಅವರ ಕೈಸೇರಿತು. ನೆಹರೂ ಮನವೊಲಿಸಿದರು, ತಿಮ್ಮಯ್ಯ ಪತ್ರ ಹಿಂಪಡೆದರು. ಸುದ್ದಿ ಅಷ್ಟರಲ್ಲಿ ಪತ್ರಿಕೆಗಳಿಗೆ ಸೋರಿತ್ತು. ಸೆಪ್ಟೆಂಬರ್ 2ರಂದು ಲೋಕಸಭೆಯಲ್ಲಿ ಪ್ರಧಾನಿ ಸೇನೆಯ ಮೇಲೆ ನಾಗರಿಕ ಸರ್ಕಾರದ ಹಿಡಿತವನ್ನು ಎತ್ತಿ ಹಿಡಿದು, ದಂಡನಾಯಕರ ನಡೆಯನ್ನು ಟೀಕಿಸಿದರು.

ತಿಮ್ಮಯ್ಯ ರಾಜೀನಾಮೆ ಕೊಟ್ಟದ್ದು ತಪ್ಪೇ, ಹಿಂಪಡೆದದ್ದು ತಪ್ಪೇ? ಸೇನಾ ಇತಿಹಾಸಕಾರರಲ್ಲಿ ಇಂದಿಗೂ ಒಮ್ಮತವಿಲ್ಲ. ಚುನಾಯಿತ ಸರ್ಕಾರದ ಮಾತೇ ಅಂತಿಮ ಎಂಬ ತತ್ವದ ಬಗ್ಗೆ ಎರಡು ಮಾತಿಲ್ಲ. ಆದರೆ ತತ್ವವನ್ನು ಉಳಿಸುವ ಭರದಲ್ಲಿ ವೃತ್ತಿಪರ ಸಲಹೆಯೂ ಕಸದಬುಟ್ಟಿ ಸೇರಿತು. ಪೂರ್ವ ಕಮಾಂಡಿನ ಮುಖ್ಯಸ್ಥರಾಗಿದ್ದ ಥೋರಟ್ ಅದೇ ವರ್ಷ ಈಶಾನ್ಯ ಗಡಿಯ ರಕ್ಷಣೆಗೆ ವಿವರವಾದ ಯೋಜನೆ ಸಿದ್ಧಪಡಿಸಿದರು. ತಿಮ್ಮಯ್ಯ ಅದನ್ನು ಸಚಿವರ ಮುಂದಿಟ್ಟರು. ಮೆನನ್ ಅದನ್ನು ತಳ್ಳಿಹಾಕಿದರು. 1961ರ ಮೇ 7ರಂದು ನಿವೃತ್ತರಾಗುವಾಗ ತಿಮ್ಮಯ್ಯ ಥೋರಟ್ ಅವರನ್ನು ಉತ್ತರಾಧಿಕಾರಿಯನ್ನಾಗಿ ಬಯಸಿದ್ದರೂ ನೇಮಕವಾದವರು ಪಿ.ಎನ್. ಥಾಪರ್. ಮರುವರ್ಷದ ಜುಲೈನಲ್ಲಿ 'ಸೆಮಿನಾರ್' ಪತ್ರಿಕೆಗೆ ಬರೆದ ಲೇಖನದಲ್ಲಿ, ಭಾರತ ಏಕಾಂಗಿಯಾಗಿ ಚೀನಾದೊಡನೆ ಬಹಿರಂಗ ಯುದ್ಧ ನಡೆಸುವ ಸ್ಥಿತಿಯಲ್ಲಿಲ್ಲ ಎಂಬ ಅಭಿಪ್ರಾಯವನ್ನು ಅವರು ಮುಚ್ಚುಮರೆಯಿಲ್ಲದೆ ಮಂಡಿಸಿದರು. ಮೂರೇ ತಿಂಗಳಲ್ಲಿ ಯುದ್ಧ ಬಂತು.

ಆ ಯುದ್ಧದ ಬೆಲೆಯನ್ನು ಅವರ ರೆಜಿಮೆಂಟ್ ಕೂಡ ತೆತ್ತಿತು. ವಾಲಾಂಗ್‌ನಲ್ಲಿ 6 ಕುಮಾಂವ್ ಹೋರಾಡಿ ನಲುಗಿತು. ನವೆಂಬರ್ 18ರಂದು ಲಡಾಖಿನ ರೆಜಾಂಗ್ ಲಾದಲ್ಲಿ, 16,000 ಅಡಿ ಎತ್ತರದಲ್ಲಿ, ಮೇಜರ್ ಶೈತಾನ್ ಸಿಂಗ್ ನೇತೃತ್ವದ 13 ಕುಮಾಂವ್‌ನ ಕಂಪನಿಯೊಂದು ಕೊನೆಯವರೆಗೂ ಕದಲಲಿಲ್ಲ. ಅಲ್ಲಿನ ಸ್ಮಾರಕದಲ್ಲಿ 114 ಮಂದಿಯ ಬಲಿದಾನ ದಾಖಲಾಗಿದೆ. ಮಡಿದವರಲ್ಲಿ ಹೆಚ್ಚಿನವರು ಬೆಟ್ಟದವರಲ್ಲ, ಹರಿಯಾಣದ ಬಯಲಿನ ಅಹಿರರು.

ನಿವೃತ್ತ ತಿಮ್ಮಯ್ಯನವರನ್ನು ವಿಶ್ವಸಂಸ್ಥೆ ಮತ್ತೆ ಕರೆಯಿತು. ಗ್ರೀಕ್ ಮತ್ತು ತುರ್ಕಿ ಸಮುದಾಯಗಳ ಕಲಹದಿಂದ ಬೆಂದಿದ್ದ ಸೈಪ್ರಸ್ ದ್ವೀಪದ ಶಾಂತಿಪಾಲನಾ ಪಡೆಗೆ 1964ರ ಜುಲೈನಲ್ಲಿ ಅವರು ದಂಡನಾಯಕರಾದರು. ಅಲ್ಲಿಯೇ ಕರ್ತವ್ಯದಲ್ಲಿದ್ದಾಗ 1965ರ ಡಿಸೆಂಬರ್ 18ರಂದು ಹೃದಯಾಘಾತದಿಂದ ನಿಧನರಾದರು. ಪಾರ್ಥಿವ ಶರೀರವನ್ನು ವಿಮಾನದಲ್ಲಿ ಬೆಂಗಳೂರಿಗೆ ತರಲಾಯಿತು. ಸೈಪ್ರಸ್ 1966ರಲ್ಲಿ ಅವರ ಸ್ಮರಣಾರ್ಥ ಅಂಚೆಚೀಟಿ ಹೊರಡಿಸಿತು. ಆ ದೇಶದ ಲಾರ್ನಕಾ ನಗರದ ಹೆದ್ದಾರಿಯೊಂದಕ್ಕೂ ಅವರ ಹೆಸರಿದೆ.

ಮಡಿಕೇರಿಯ ಅವರ ಜನ್ಮಗೃಹ 'ಸನ್ನಿ ಸೈಡ್' ಬಹುಕಾಲ ಪ್ರಾದೇಶಿಕ ಸಾರಿಗೆ ಕಚೇರಿಯಾಗಿತ್ತು. ವಾಹನ ನೋಂದಣಿಗೆಂದು ಬರುತ್ತಿದ್ದವರಲ್ಲಿ ಎಷ್ಟೋ ಮಂದಿಗೆ ಅದು ಯಾರ ಮನೆಯೆಂಬ ಅರಿವೂ ಇದ್ದಿರಲಾರದು. 2021ರ ಫೆಬ್ರುವರಿ 6ರಂದು ಆಗಿನ ರಾಷ್ಟ್ರಪತಿ ರಾಮನಾಥ ಕೋವಿಂದ್ ಅದನ್ನು ಜನರಲ್ ತಿಮ್ಮಯ್ಯ ವಸ್ತುಸಂಗ್ರಹಾಲಯವಾಗಿ ಉದ್ಘಾಟಿಸಿದರು.