ಮನೆಯಂಗಳವನ್ನೇ ಮದ್ರಸಾ ಮಾಡಿದ ತಾಯಿ: ನಾನ ಅಸ್ಮಾ

ಪಶ್ಚಿಮ ಆಫ್ರಿಕದ ನೈಜೀರಿಯ ದೇಶದ ಉತ್ತರ ಭಾಗದಲ್ಲಿ ಸೊಕೊಟೊ ಎಂಬ ನಗರವಿದೆ. ಹತ್ತೊಂಬತ್ತನೆಯ ಶತಮಾನದಲ್ಲಿ ಅದು ಒಂದು ವಿಶಾಲ ಇಸ್ಲಾಮೀ ರಾಜ್ಯದ ರಾಜಧಾನಿಯಾಗಿತ್ತು. ಆ ರಾಜ್ಯವನ್ನು ಕಟ್ಟಿದವರ ಹೆಸರುಗಳು ಚರಿತ್ರೆಯಲ್ಲಿ ದಾಖಲಾಗಿವೆ. ಆದರೆ ಅಲ್ಲಿನ ಹಳ್ಳಿಗಳ ಗುಡಿಸಲುಗಳಿಗೆ ದೀನಿನ ಜ್ಞಾನವನ್ನು ತಲುಪಿಸಿದವರು ಓರ್ವ ಗೃಹಿಣಿ. ಅವರೇ ನಾನ ಅಸ್ಮಾ. 'ನಾನ' ಎಂಬುದು ಆ ನಾಡಿನಲ್ಲಿ ಸ್ತ್ರೀಯರಿಗೆ ಸಲ್ಲುವ ಗೌರವಸೂಚಕ ಪದ.

ಅಸ್ಮಾ 1793ರಲ್ಲಿ ಜನಿಸಿದರು. ತಂದೆ ಪ್ರಸಿದ್ಧ ವಿದ್ವಾಂಸರೂ ಸುಧಾರಕರೂ ಆಗಿದ್ದ ಶೇಖ್ ಉಸ್ಮಾನ್ ದಾನ್ ಫೋದಿಯೊ. ಅಸ್ಮಾರ ಜೊತೆ ಅವಳಿಯಾಗಿ ಹುಟ್ಟಿದ ಸಹೋದರನಿಗೆ ಹಸನ್ ಎಂದು ಹೆಸರಿಟ್ಟರು. ಅವಳಿ ಮಕ್ಕಳಿಗೆ ಹಸನ್, ಹುಸೈನಾ ಎಂದು ಹೆಸರಿಡುವುದು ಅಲ್ಲಿನ ರೂಢಿ. ಆದರೆ ತಂದೆ ಮಗಳಿಗೆ ಹಝ್ರತ್ ಅಬೂಬಕರ್ ಸಿದ್ದೀಕ್(ರ)ರ ಪುತ್ರಿ, ಹಿಜ್ರತ್‌ನ ಸಂದರ್ಭದಲ್ಲಿ ಧೈರ್ಯ ತೋರಿದ ಹಝ್ರತ್ ಅಸ್ಮಾ(ರ)ರ ಹೆಸರನ್ನು ಆರಿಸಿದರು.

ಶೇಖ್ ಉಸ್ಮಾನ್ ತಮ್ಮ ಕಾಲದ ವಿದ್ವಾಂಸರ ಒಂದು ದೋಷವನ್ನು ಬಹಳ ಕಟುವಾಗಿ ಖಂಡಿಸುತ್ತಿದ್ದರು. ಊರಿನವರಿಗೆಲ್ಲ ಪಾಠ ಹೇಳುವ ಇವರು ಸ್ವಂತ ಪತ್ನಿ, ಪುತ್ರಿಯರನ್ನು ಅಜ್ಞಾನದಲ್ಲೇ ಬಿಟ್ಟಿದ್ದಾರೆ, ಮನೆಯ ಪಾತ್ರೆ ಪಗಡಗಳಂತೆ ಅವರನ್ನು ಬಳಸುತ್ತಿದ್ದಾರೆ ಎಂಬುದು ಅವರ ದೂರಾಗಿತ್ತು. ಅವರು ಇದನ್ನು ಹೇಳಿ ಸುಮ್ಮನಾಗಲಿಲ್ಲ. ತಮ್ಮ ಮನೆಯ ಹೆಣ್ಣುಮಕ್ಕಳಿಗೆ ಗಂಡುಮಕ್ಕಳಂತೆಯೇ ಶಿಕ್ಷಣ ನೀಡಿದರು. ಅಸ್ಮಾ ಕುರ್‌ಆನನ್ನು ಕಂಠಪಾಠ ಮಾಡಿದರು. ಅರಬಿ, ಫುಲಾನಿ, ಹೌಸಾ ಭಾಷೆಗಳಲ್ಲಿ ಬರೆಯುವಷ್ಟು ಪಾಂಡಿತ್ಯ ಗಳಿಸಿದರು.

1804ರಲ್ಲಿ ಗೋಬಿರ್ ರಾಜ್ಯದ ಅರಸನ ವಿರೋಧದಿಂದಾಗಿ ಶೇಖ್ ಉಸ್ಮಾನ್ ಮತ್ತು ಅವರ ಅನುಯಾಯಿಗಳು ಊರು ತೊರೆದು ಹಿಜ್ರತ್ ಹೊರಟರು. ಅನಂತರ ವರ್ಷಗಟ್ಟಲೆ ಯುದ್ಧ ನಡೆಯಿತು. ಹನ್ನೊಂದರ ಬಾಲೆ ಅಸ್ಮಾ ಈ ಎಲ್ಲ ಕಷ್ಟಗಳನ್ನು ಕಣ್ಣಾರೆ ಕಂಡರು. ಈ ಅಲೆದಾಟದ ವರ್ಷಗಳಲ್ಲೇ ಸಹೋದರ ಮುಹಮ್ಮದ್ ಬೆಲ್ಲೊರ ಆಪ್ತಮಿತ್ರ ಗಿದಾದೊ ಅವರೊಂದಿಗೆ ಅವರ ವಿವಾಹವಾಯಿತು. 1817ರಲ್ಲಿ ತಂದೆ ತೀರಿಕೊಂಡರು. ಅದೇ ವರ್ಷ ಅವಳಿ ಸಹೋದರ ಹಸನ್ ಕೂಡ ಅಗಲಿದರು. ಬೆಲ್ಲೊ ರಾಜ್ಯದ ಹೊಣೆ ಹೊತ್ತಾಗ ಗಿದಾದೊ ಅವರ ವಝೀರರಾದರು.

ವಝೀರರ ಮನೆಯೆಂದರೆ ಸದಾ ಅತಿಥಿಗಳು, ದೂರು ತಂದವರು, ನೆರವು ಕೇಳಿ ಬಂದವರು. ಇಷ್ಟೆಲ್ಲರ ಊಟೋಪಚಾರ, ಮಕ್ಕಳ ಲಾಲನೆ ಪಾಲನೆಗಳ ನಡುವೆಯೇ ಅಸ್ಮಾ ತಮ್ಮ ಅಂಗಳದಲ್ಲಿ ಸ್ತ್ರೀಯರಿಗೆ ಪಾಠ ಹೇಳಿದರು. ಪತಿಯ ವಿರೋಧವಿರಲಿಲ್ಲ, ಬದಲಾಗಿ ಬೆಂಬಲವಿತ್ತು. ಶೇಖ್ ಉಸ್ಮಾನರ ಬರಹಗಳನ್ನೂ ನೆನಪುಗಳನ್ನೂ ಕಾಪಾಡುವ ಕೆಲಸದಲ್ಲಿ ಪತಿಪತ್ನಿಯರಿಬ್ಬರೂ ಶ್ರಮಿಸಿದರು. ಅವರ ಹಿರಿಯ ಮಗ ಅಬ್ದುಲ್ ಕಾದಿರ್ ಮುಂದೆ ತಂದೆಯ ಸ್ಥಾನದಲ್ಲಿ ವಝೀರರಾದರು.

ಯುದ್ಧ ಮುಗಿದರೂ ಅದರ ಗಾಯ ಮಾಯಲಿಲ್ಲ. ಸೊಕೊಟೊದ ಸುತ್ತಮುತ್ತ ವಿಧವೆಯರು, ನೆಲೆ ಕಳೆದುಕೊಂಡವರು, ಯುದ್ಧದಲ್ಲಿ ಸೆರೆಸಿಕ್ಕಿದ ಹೌಸಾ ಸ್ತ್ರೀಯರು ತುಂಬಿದ್ದರು. ಅವರಲ್ಲಿ ಅನೇಕರಿಗೆ ವುಝೂ ಮಾಡಲೂ ತಿಳಿಯದು. ಭೂತಪ್ರೇತಗಳ ಭಯವೇ ಅವರ ಧರ್ಮವಾಗಿತ್ತು. ರಾಜ್ಯ ಸ್ಥಾಪನೆಯಾಯಿತು ನಿಜ, ಆದರೆ ತಾಯಂದಿರ ಹೃದಯಕ್ಕೆ ದೀನ್ ತಲುಪದಿದ್ದರೆ ಮುಂದಿನ ತಲೆಮಾರಿನ ಗತಿಯೇನು? ಈ ಪ್ರಶ್ನೆ ಅಸ್ಮಾರನ್ನು ಕಾಡಿತು.

ಎಳೆಯ ಮಕ್ಕಳ ತಾಯಂದಿರು ಮನೆ ಬಿಟ್ಟು ಬರಲಾರರು ಎಂಬುದು ಅವರಿಗೆ ಸ್ವಂತ ಅನುಭವದಿಂದಲೇ ಗೊತ್ತಿತ್ತು. ಆದುದರಿಂದ ಮಕ್ಕಳನ್ನು ಬೆಳೆಸಿ ಮುಗಿಸಿದ ನಡುವಯಸ್ಸು ದಾಟಿದ ಸ್ತ್ರೀಯರನ್ನೂ ಇನ್ನೂ ಮದುವೆಯಾಗದ ಚಿಕ್ಕ ಹುಡುಗಿಯರನ್ನೂ ಹಳ್ಳಿಗಳಿಂದ ಕರೆಸಿಕೊಂಡರು. ಪ್ರತಿ ತಂಡಕ್ಕೂ 'ಜಾಜಿ' ಎಂಬ ನಾಯಕಿಯನ್ನು ನೇಮಿಸಿದರು. ಈ ತಂಡಗಳಿಗೆ 'ಯಾನ್ ತಾರು' ಎಂದು ಹೆಸರಾಯಿತು. ಒಟ್ಟು ಸೇರಿದವರು ಎಂದು ಅದರ ಅರ್ಥ. ಅವರು ಸೊಕೊಟೊಕ್ಕೆ ಕಾಲ್ನಡಿಗೆಯಲ್ಲಿ ಬಂದು ಪಾಠ ಕಲಿತು ಊರಿಗೆ ಮರಳಿ, ಮನೆಬಿಟ್ಟು ಬರಲಾಗದ ತಾಯಂದಿರಿಗೆ ಕಲಿಸುತ್ತಿದ್ದರು.

ಜಾಜಿಗೆ ಅಸ್ಮಾ ಹುಲ್ಲಿನಿಂದ ಹೆಣೆದ ದೊಡ್ಡ ಟೋಪಿಯೊಂದನ್ನು ಕೊಟ್ಟು ಅದಕ್ಕೆ ಕೆಂಪು ಬಟ್ಟೆ ಕಟ್ಟುತ್ತಿದ್ದರು. ಹಿಂದೆ ಗೋಬಿರಿನಲ್ಲಿ ಭೂತಾರಾಧನೆಯ ಮುಖ್ಯಸ್ಥೆ ಇಂತಹ ಟೋಪಿ ಧರಿಸುತ್ತಿದ್ದಳು. ಮೂಢನಂಬಿಕೆಯ ಗುರುತಾಗಿದ್ದ ಅದೇ ವಸ್ತುವನ್ನು ಅಸ್ಮಾ ವಿದ್ಯೆಯ ಗುರುತಾಗಿ ಮಾಡಿದರು. ಎಷ್ಟೊಂದು ಜಾಣ್ಮೆ!

ಪುಸ್ತಕಗಳಿಲ್ಲದ, ಓದಲು ಬಾರದ ಜನರಿಗೆ ಕಲಿಸುವುದು ಹೇಗೆ? ಅದಕ್ಕಾಗಿ ಅವರು ಪದ್ಯಗಳನ್ನು ರಚಿಸಿದರು. ನಮಾಝ್, ಉಪವಾಸ, ಪ್ರವಾದಿ(ಸ)ರ ಜೀವನ, ಸ್ವರ್ಗ ನರಕಗಳ ವಿವರ ಇವೆಲ್ಲ ಪದ್ಯಗಳಾದವು. ಕುರ್‌ಆನಿನ ಎಲ್ಲ ಸೂರಾಗಳ ಹೆಸರುಗಳನ್ನೂ ಪದ್ಯದಲ್ಲಿ ಪೋಣಿಸಿದರು. ಧಾನ್ಯ ಕುಟ್ಟುತ್ತಲೋ ನೀರು ಹೊರುತ್ತಲೋ ಅವನ್ನು ಹಾಡಿಕೊಳ್ಳಬಹುದಿತ್ತು. ಅವರ ಅರುವತ್ತಕ್ಕೂ ಹೆಚ್ಚು ಕೃತಿಗಳು ಇಂದಿಗೂ ಉಳಿದಿವೆ.

ಶಿಷ್ಯೆಯರು ಹಳ್ಳಿಗಳಿಂದ ಧಾನ್ಯ, ಜೇನು, ಬೆಣ್ಣೆ, ಬಟ್ಟೆಗಳನ್ನು ಕಾಣಿಕೆಯಾಗಿ ತರುತ್ತಿದ್ದರು. ಅವೆಲ್ಲ ಅಂಗವಿಕಲರಿಗೂ ರೋಗಿಗಳಿಗೂ ಬಡವರಿಗೂ ಹಂಚಿಹೋಗುತ್ತಿದ್ದವು.

ಅಗಲಿದವರನ್ನು ಸ್ಮರಿಸಿ ಅಸ್ಮಾ ಅನೇಕ ಶೋಕಗೀತೆಗಳನ್ನು ಬರೆದರು. ಅವುಗಳಲ್ಲಿ ಅರಸರ, ವಿದ್ವಾಂಸರ ಹೆಸರುಗಳಿವೆ. ಝಹ್ರಾ ಎಂಬ ಸಾಮಾನ್ಯ ಸ್ತ್ರೀಯ ಹೆಸರೂ ಇದೆ. ಆಕೆ ತಿಳಿಯದವರಿಗೆ ದೀನ್ ಕಲಿಸಿದವಳು, ಹೆರಿಗೆಯ ನೋವಿನಲ್ಲಿ ನೆರವಾದವಳು, ಮಯ್ಯಿತ್ ಸ್ನಾನಕ್ಕೆ ಕರೆದಾಗ ಹಿಂಜರಿಯದೆ ಹೋದವಳು. ಇಂತಹ ಸೇವೆಯನ್ನು ನಾವು ಪಡೆಯುತ್ತೇವೆ, ಮರುದಿನವೇ ಮರೆಯುತ್ತೇವೆ. ಅಸ್ಮಾ ಮರೆಯಲಿಲ್ಲ. ಸುಲ್ತಾನನ ಸಾಧನೆಯಂತೆ ಆಕೆಯ ಸೇವೆಯೂ ದಾಖಲಾರ್ಹವೆಂದು ಅವರು ಭಾವಿಸಿದರು.

1864ರಲ್ಲಿ ನಾನ ಅಸ್ಮಾ ಇಹಲೋಕ ತ್ಯಜಿಸಿದರು. ಸಹೋದರಿ ಮರ್ಯಮ್ ಅವರ ಕೆಲಸವನ್ನು ಮುಂದುವರಿಸಿದರು. 1903ರಲ್ಲಿ ಬ್ರಿಟಿಷರು ಸೊಕೊಟೊವನ್ನು ವಶಪಡಿಸಿಕೊಂಡರು, ರಾಜ್ಯ ಹೋಯಿತು. ಆದರೆ ತಾಯಂದಿರ ಬಾಯಲ್ಲಿದ್ದ ಪದ್ಯಗಳನ್ನು ಯಾರೂ ಕಸಿಯಲಾಗಲಿಲ್ಲ. ಇಂದು ನೈಜೀರಿಯದಲ್ಲಿ ಅವರ ಹೆಸರಿನ ಶಾಲೆಗಳಿವೆ.

ಸಹೋದರಿಯರೇ, ನಮ್ಮ ಮೊಹಲ್ಲಾಗಳಲ್ಲೂ ಮಕ್ಕಳ ಮದುವೆ ಮಾಡಿಸಿ, ಇನ್ನು ನಮ್ಮ ಕೆಲಸ ಮುಗಿಯಿತೆಂದು ಮೂಲೆಯಲ್ಲಿ ಕುಳಿತ ಎಷ್ಟೋ ತಾಯಂದಿರಿದ್ದಾರೆ. ಕಲಿಸಿ ನಿವೃತ್ತರಾದ ಶಿಕ್ಷಕಿಯರೂ ಇದ್ದಾರೆ. ಪಕ್ಕದ ಮನೆಯಲ್ಲೇ ತೊಟ್ಟಿಲು ತೂಗುತ್ತಾ, ಕಲಿಯುವ ಆಸೆಯಿದ್ದೂ ಹೊರಗೆ ಬರಲಾಗದ ಸೊಸೆಯಂದಿರಿದ್ದಾರೆ. ಅಸ್ಮಾ ಅಂದು ಮಾಡಿದ್ದು ಇವರಿಬ್ಬರ ನಡುವೆ ದಾರಿ ತೆರೆದ ಕೆಲಸ. ಅದಕ್ಕೆ ದೊಡ್ಡ ಕಟ್ಟಡ ಬೇಕಿಲ್ಲ, ಒಂದು ಚಾಪೆ ಸಾಕು.

ಅಲ್ಲಾಹನು ಆ ಮಹಾತಾಯಿಯ ಸೇವೆಯನ್ನು ಸ್ವೀಕರಿಸಲಿ. ನಮ್ಮ ಮನೆಯಂಗಳಗಳಿಗೂ ಆ ಬೆಳಕನ್ನು ಕರುಣಿಸಲಿ. ಆಮೀನ್.