ಯೂಲ್ ಪಕ್ಕದ ವಾಕರ್ ಯಾರು?

ಸಿಗ್ನಲ್ ಪ್ರೊಸೆಸಿಂಗ್ ಓದಿದ ಗೆಳೆಯರಿಗೆಲ್ಲ ಯೂಲ್-ವಾಕರ್ ಸಮೀಕರಣಗಳು ಗೊತ್ತಿರುತ್ತವೆ. ಪರೀಕ್ಷೆ ಮುಗಿದ ಮೇಲೆ ಮರೆತೂ ಹೋಗಿರುತ್ತವೆ, ಅದು ಬೇರೆ ಮಾತು. ಆ ಜೋಡಿ ಹೆಸರಿನಲ್ಲಿ ಎರಡನೆಯವರಾದ ಗಿಲ್ಬರ್ಟ್ ವಾಕರ್ ಎಲೆಕ್ಟ್ರಾನಿಕ್ಸ್ ಕಡೆಯವರೇ ಅಲ್ಲ. ನಮ್ಮ ದೇಶದ ಮುಂಗಾರು ಯಾಕೆ ಒಂದು ವರ್ಷ ಕೈಹಿಡಿದು ಇನ್ನೊಂದು ವರ್ಷ ಕೈಕೊಡುತ್ತೆ ಅಂತ ಇಪ್ಪತ್ತು ವರ್ಷ ಲೆಕ್ಕ ಹಾಕಿದವರು ಅವರು.

ಅವರ ಕಥೆಗೂ ಮುಂಚೆ ಬರದ ಕಥೆ ಹೇಳಬೇಕು. ಭಾರತದ ಹವಾಮಾನ ಇಲಾಖೆ ಶುರುವಾದದ್ದು 1875ರಲ್ಲಿ. ಮರುವರ್ಷವೇ ಮಳೆ ಹೋಯ್ತು. ನಮ್ಮ ಹಿರಿಯರು ಧಾತು ಈಶ್ವರದ ಬರ ಅಂತ ಕರೆಯೋದು ಇದನ್ನೇ. 1871ರಲ್ಲಿ ಸುಮಾರು 50 ಲಕ್ಷ ಇದ್ದ ಮೈಸೂರು ಸಂಸ್ಥಾನದ ಜನಸಂಖ್ಯೆ 1881ರ ಗಣತಿಯಲ್ಲಿ 42 ಲಕ್ಷಕ್ಕೆ ಇಳಿದಿತ್ತು. ಮಳೆಯನ್ನು ಮೊದಲೇ ಊಹಿಸಲು ಸಾಧ್ಯವಾ ಅನ್ನೋದು ಆಗ ಪುಸ್ತಕದ ಪ್ರಶ್ನೆ ಆಗಿರಲಿಲ್ಲ, ಜೀವದ ಪ್ರಶ್ನೆ ಆಗಿತ್ತು. ಇಲಾಖೆಯ ಮೊದಲ ಮುಖ್ಯಸ್ಥ ಹೆನ್ರಿ ಬ್ಲ್ಯಾನ್‌ಫರ್ಡ್, ಹಿಮಾಲಯದಲ್ಲಿ ಹಿಮ ಜಾಸ್ತಿ ಬಿದ್ದ ವರ್ಷ ಮುಂಗಾರು ಸೊರಗುತ್ತದೆ ಎಂದು ಗುರುತಿಸಿ ಮುನ್ಸೂಚನೆ ಕೊಡಲು ಶುರುಮಾಡಿದರು. ಅವರ ನಂತರ ಬಂದ ಜಾನ್ ಎಲಿಯಟ್ 1899ರಲ್ಲಿ ಒಳ್ಳೆ ಮಳೆ ಬರುತ್ತೆ ಎಂದರು. ಆ ವರ್ಷ ಬಂದದ್ದು ಭೀಕರ ಬರ.

1904ರಲ್ಲಿ ಎಲಿಯಟ್ ಅವರ ಜಾಗಕ್ಕೆ ಬಂದವರು ವಾಕರ್. ಹವಾಮಾನ ಶಾಸ್ತ್ರವನ್ನು ಕಲಿತವರೇ ಅಲ್ಲ, ಗಣಿತದವರು. 1868ರಲ್ಲಿ ಇಂಗ್ಲೆಂಡಿನ ರಾಚ್‌ಡೇಲ್‌ನಲ್ಲಿ ಹುಟ್ಟಿ, ಕೇಂಬ್ರಿಡ್ಜ್‌ನ ಗಣಿತ ಪರೀಕ್ಷೆಯಲ್ಲಿ 1889ರಲ್ಲಿ ಮೊದಲ ಸ್ಥಾನ ಪಡೆದಿದ್ದರು. ಮಧ್ಯೆ ಆರೋಗ್ಯ ಕೆಟ್ಟು ಕೆಲವು ಚಳಿಗಾಲಗಳನ್ನು ಸ್ವಿಟ್ಜರ್ಲೆಂಡ್‌ನಲ್ಲಿ ಕಳೆದರು. ಅಲ್ಲಿ ಸುಮ್ಮನೆ ಕೂರದೆ ಐಸ್ ಸ್ಕೇಟಿಂಗ್ ಕಲಿತರು. ಎಸೆದವನ ಕೈಗೇ ವಾಪಸ್ ಬರುವ ಬೂಮರಾಂಗ್ ಮೇಲೆ ವಿಪರೀತ ಮೋಹ. ಕೇಂಬ್ರಿಡ್ಜ್‌ನ ಬಯಲಿನಲ್ಲಿ ಅದನ್ನು ಎಸೆದೂ ಎಸೆದೂ ಬೂಮರಾಂಗ್ ವಾಕರ್ ಅಂತಲೇ ಹೆಸರಾಗಿತ್ತು. ಕೊಳಲಿನ ಹುಚ್ಚೂ ಇತ್ತು.

ಬೂಮರಾಂಗ್‌ಗಾದರೆ ಚಲನೆಯ ಸಮೀಕರಣ ಬರೆಯಬಹುದು. ಮುಂಗಾರಿಗೆ? ಅಂದಿನ ಭೌತಶಾಸ್ತ್ರ, ಅಂದಿನ ಉಪಕರಣಗಳಿಂದ ಅದು ಆಗದ ಕೆಲಸ ಅಂತ ವಾಕರ್‌ಗೆ ಬೇಗ ಗೊತ್ತಾಯ್ತು. ಹಾಗಾಗಿ ಅವರು ಬೇರೆ ದಾರಿ ಹಿಡಿದರು. ಪ್ರಪಂಚದ ಮೂಲೆಮೂಲೆಯ ಕೇಂದ್ರಗಳಿಂದ ಗಾಳಿಯ ಒತ್ತಡ, ಉಷ್ಣಾಂಶ, ಮಳೆಯ ದಾಖಲೆ ತರಿಸಿದರು. ಭಾರತದ ಮಳೆ ಜೊತೆ ಯಾವುದು ಏರುತ್ತೆ, ಯಾವುದು ಇಳಿಯುತ್ತೆ ಎಂದು ಸಹಸಂಬಂಧ ಗುಣಾಂಕಗಳನ್ನು ಒಂದೊಂದಾಗಿ ತೆಗೆಸಿದರು. ನಮಗೆ ಪೈಥಾನ್‌ನಲ್ಲಿ ಒಂದು ಸಾಲಿನ ಕೆಲಸ ಇದು. ಅಲ್ಲಿ ಅದನ್ನು ಮಾಡಿದ್ದು ಭಾರತೀಯ ಗುಮಾಸ್ತರು, ಪೆನ್ನು ಕಾಗದ ಹಿಡಿದು. ಹಿಮಾಲಯದ ಹಿಮ, ಮಾರಿಷಸ್ ಮತ್ತು ದಕ್ಷಿಣ ಅಮೆರಿಕದ ಗಾಳಿಯ ಒತ್ತಡ, ಜಾಂಜಿಬಾರ್‌ನ ಮಳೆ, ಈ ನಾಲ್ಕನ್ನು ಸೇರಿಸಿ ಅವರು ಮುನ್ಸೂಚನೆಯ ಸೂತ್ರ ಕಟ್ಟಿದರು.

ಆದರೆ ಇಂಥ ಲೆಕ್ಕದಲ್ಲಿ ಒಂದು ಅಪಾಯ ಇದೆ. ನಮ್ಮ ಕ್ಲಾಸಿನ ಅಂಕಪಟ್ಟಿಯನ್ನು ಸಂಬಂಧವೇ ಇಲ್ಲದ ನೂರು ಪಟ್ಟಿಗಳ ಜೊತೆ ಹೋಲಿಸಿ ನೋಡಿ. ಒಂದೆರಡು ಸುಮ್ಮಸುಮ್ಮನೆ ತಾಳೆಯಾಗಿಬಿಡುತ್ತವೆ. ವಾಕರ್ 1914ರಲ್ಲೇ ಇದನ್ನು ಎತ್ತಿ ಹೇಳಿ, ಎಷ್ಟು ಪಟ್ಟಿ ಹುಡುಕಿದ್ದೇವೋ ಅದಕ್ಕೆ ತಕ್ಕಂತೆ ನಂಬಿಕೆಯ ಮಟ್ಟವನ್ನೂ ಏರಿಸಬೇಕು ಎಂಬ ಪರೀಕ್ಷೆಯನ್ನು ರೂಪಿಸಿದರು. ಅದಕ್ಕೂ ಮೊದಲು, 1910ರಲ್ಲಿ, ಭಾರತದ ಹವೆಯೇ ಬದಲಾಗಿಬಿಟ್ಟಿದೆ ಎಂಬ ಮಾತು ನಿಜವೇ ಎಂದು ಹಳೆ ದಾಖಲೆಗಳನ್ನು ಜಾಲಾಡಿದ್ದರು. ಶಾಶ್ವತ ಬದಲಾವಣೆಗೆ ಪುರಾವೆ ಸಿಗಲಿಲ್ಲ. ಸಿಗಲಿಲ್ಲ ಅಂತಲೇ ಬರೆದರು. ಇವತ್ತು ಉಷ್ಣಾಂಶ ಏರುತ್ತಿರುವುದಕ್ಕೆ ಪುರಾವೆ ಧಾರಾಳವಾಗಿದೆ. ಆದರೆ ನಾಲ್ಕು ವರ್ಷದ ಏರಿಳಿತ ಬೇರೆ, ದೀರ್ಘಕಾಲದ ಪ್ರವೃತ್ತಿ ಬೇರೆ ಅನ್ನೋ ಎಚ್ಚರಿಕೆ ಈಗಲೂ ಬೇಕು.

ನಡುವೆ ಒಂದು ಪುಟ್ಟ ಪ್ರಸಂಗ. 1913ರ ಫೆಬ್ರವರಿಯಲ್ಲಿ ಮದ್ರಾಸಿಗೆ ಹೋಗಿದ್ದಾಗ, ಅಲ್ಲಿನ ಬಂದರು ಕಚೇರಿಯ ಒಬ್ಬ ಗುಮಾಸ್ತನ ಗಣಿತವನ್ನು ವಾಕರ್‌ಗೆ ತೋರಿಸಿದರು. ಈ ಯುವಕ ಹೊಟ್ಟೆಪಾಡಿನ ಚಿಂತೆಯಿಲ್ಲದೆ ಗಣಿತ ಮಾಡುವಂತಾಗಬೇಕು ಎಂದು ಅವರು ಮದ್ರಾಸ್ ವಿಶ್ವವಿದ್ಯಾಲಯಕ್ಕೆ ಪತ್ರ ಬರೆದರು. ತಿಂಗಳಿಗೆ 75 ರೂಪಾಯಿ ವಿದ್ಯಾರ್ಥಿವೇತನ ಸಿಕ್ಕಿತು. ಆ ಗುಮಾಸ್ತ ಶ್ರೀನಿವಾಸ ರಾಮಾನುಜನ್.

1917ರಲ್ಲಿ ವಿಪರೀತ ಮಳೆ, 1918ರಲ್ಲಿ ವಾಡಿಕೆಗಿಂತ ಸುಮಾರು ಕಾಲು ಭಾಗ ಕಡಿಮೆ. ವಾಕರ್ ಲೆಕ್ಕ ನಿಲ್ಲಿಸಲಿಲ್ಲ. ಇಡೀ ಭಾರತಕ್ಕೆ ಒಂದೇ ಸರಾಸರಿ ಹಿಡಿದರೆ ಅಸಲು ಚಿತ್ರ ಮುಚ್ಚಿಹೋಗುತ್ತದೆ ಎಂದು ಪರ್ಯಾಯ ದ್ವೀಪ ಮತ್ತು ವಾಯವ್ಯ ಭಾರತಕ್ಕೆ ಬೇರೆಬೇರೆ ಸೂತ್ರ ಮಾಡಿದರು. ನಮ್ಮ ನಾಡು ಬರುವುದು ಮೊದಲನೆಯದರಲ್ಲಿ. ಅಷ್ಟು ಅಂಕಿಗಳ ರಾಶಿಯಲ್ಲಿ ಅವರಿಗೆ ಒಂದು ದೊಡ್ಡ ತೂಗುಯ್ಯಾಲೆ ಕಂಡಿತ್ತು. ಪೆಸಿಫಿಕ್ ಸಾಗರದ ಮೇಲೆ ಗಾಳಿಯ ಒತ್ತಡ ಏರಿದಾಗ ಹಿಂದೂ ಮಹಾಸಾಗರದ ಮೇಲೆ ಇಳಿಯುತ್ತದೆ. ಅಲ್ಲಿ ಇಳಿದಾಗ ಇಲ್ಲಿ ಏರುತ್ತದೆ. ಇದಕ್ಕೆ ಅವರು ಇಟ್ಟ ಹೆಸರು ಸದರ್ನ್ ಆಸಿಲೇಷನ್.

1924ರಲ್ಲಿ ನಿವೃತ್ತರಾಗಿ ಲಂಡನ್ನಿನ ಇಂಪೀರಿಯಲ್ ಕಾಲೇಜಿನಲ್ಲಿ ಪ್ರಾಧ್ಯಾಪಕರಾದರು. 1931ರಲ್ಲಿ, ಸೌರಕಲೆಗಳ ಏರಿಳಿತಕ್ಕೆ ಯೂಲ್ ಮಾಡಿದ್ದ ವಿಧಾನವನ್ನು ಬೆಳೆಸಿ ಆಸ್ಟ್ರೇಲಿಯಾದ ಡಾರ್ವಿನ್ ಬಂದರಿನ ಗಾಳಿಯೊತ್ತಡಕ್ಕೆ ಹಚ್ಚಿದರು. ನಾವು ಪರೀಕ್ಷೆಗೆ ಉರು ಹೊಡೆಯುವ ಸಮೀಕರಣ ಹುಟ್ಟಿದ್ದು ಹೀಗೆ.

ಉಯ್ಯಾಲೆ ಕಂಡಿತು, ಸರಿ. ತೂಗುವವರು ಯಾರು? ವಾಕರ್ ಬಳಿ ಉತ್ತರ ಇರಲಿಲ್ಲ, ಇದೆ ಅಂತ ಹೇಳಿಕೊಳ್ಳಲೂ ಇಲ್ಲ. ಕಾರಣವಿಲ್ಲದ ಬರೀ ಅಂಕಿಗಳ ಆಟ ಎಂದು ಅನುಮಾನ ಪಟ್ಟವರು ಬಹಳ ಮಂದಿ. 1958ರ ನವೆಂಬರ್‌ನಲ್ಲಿ, 90ನೇ ವಯಸ್ಸಿನಲ್ಲಿ ಅವರು ತೀರಿಕೊಂಡರು.

ಅದೇ ಹೊತ್ತಿಗೆ, 1957-58ರ ಅಂತರರಾಷ್ಟ್ರೀಯ ಭೂಭೌತ ವರ್ಷದಲ್ಲಿ, ಪೆಸಿಫಿಕ್‌ನ ನೀರು ವಿಪರೀತ ಬಿಸಿಯಾದದ್ದು ದಾಖಲಾಗಿತ್ತು. ಆ ದಾಖಲೆ ಹಿಡಿದು ಯಾಕೋಬ್ ಬ್ಯರ್ಕ್‌ನೆಸ್ ಉತ್ತರ ಕೊಟ್ಟರು. ವಾಡಿಕೆಯ ವರ್ಷಗಳಲ್ಲಿ ಪೂರ್ವದ ಗಾಳಿ ಬೆಚ್ಚನೆ ನೀರನ್ನು ಇಂಡೋನೇಷ್ಯಾ ಕಡೆ ತಳ್ಳುತ್ತದೆ. ಅಲ್ಲಿ ಗಾಳಿ ಮೇಲೇರಿ, ಎತ್ತರದಲ್ಲಿ ಪೂರ್ವಕ್ಕೆ ಸಾಗಿ, ದಕ್ಷಿಣ ಅಮೆರಿಕದ ಹತ್ತಿರ ಕೆಳಗಿಳಿಯುತ್ತದೆ. ಎಲ್ ನಿನೋ ವರ್ಷ ಬೆಚ್ಚನೆ ನೀರು ಪೂರ್ವಕ್ಕೆ ಸರಿದು, ಗಾಳಿ ಏರುವ ಜಾಗವೂ ಸರಿಯುತ್ತದೆ. ನಮ್ಮ ಕಡೆ ಗಾಳಿ ಕೆಳಕ್ಕೆ ಒತ್ತಿ ಮೋಡ ಕಟ್ಟಲು ಬಿಡುವುದಿಲ್ಲ. 1969ರಲ್ಲಿ ಬ್ಯರ್ಕ್‌ನೆಸ್ ಈ ಸುತ್ತಾಟಕ್ಕೆ ವಾಕರ್ ಪರಿಚಲನೆ ಎಂದು ಹೆಸರಿಟ್ಟರು.

ಇದೂ ಕೊನೆಯ ಮಾತಲ್ಲ. 1997ರಲ್ಲಿ ಭಾರಿ ಎಲ್ ನಿನೋ ಇದ್ದರೂ ದೇಶದ ಮಳೆ ವಾಡಿಕೆಯಷ್ಟೇ ಆಯ್ತು. ಹಿಂದೂ ಮಹಾಸಾಗರಕ್ಕೂ ತನ್ನದೇ ಉಯ್ಯಾಲೆ ಇದೆ ಅಂತ ಆಮೇಲೆ ತಿಳಿಯಿತು. 2023ರಲ್ಲಿ ಮಾತ್ರ ಎಲ್ ನಿನೋ ಬಂತು, ಆಗಸ್ಟ್ ಒಣಗಿತು, ಕರ್ನಾಟಕದ 236 ತಾಲೂಕುಗಳಲ್ಲಿ 223 ಬರಪೀಡಿತ ಎಂದು ಘೋಷಣೆಯಾದವು. ಮರುಬೇಸಿಗೆಯಲ್ಲಿ ಬೆಂಗಳೂರಿನಲ್ಲಿ ನಾವೂ ಟ್ಯಾಂಕರ್‌ಗೆ ಕಾದೆವು. ಆಗ ಟಿವಿಯಲ್ಲಿ ಎಲ್ ನಿನೋ ಹೆಸರು ದಿನಾ ಕೇಳಿಬರುತ್ತಿತ್ತು, ವಾಕರ್ ಹೆಸರು ಬರಲಿಲ್ಲ. ಮುಂದಿನ ಸೆಮಿಸ್ಟರ್‌ನಲ್ಲಿ ಯೂಲ್-ವಾಕರ್ ಪಾಠ ಬಂದಾಗ, ಶಿಮ್ಲಾದಲ್ಲಿ ಮಳೆಯ ಪಟ್ಟಿ ಕೂಡುತ್ತಾ ಕೂತಿದ್ದ ಆ ಗುಮಾಸ್ತರನ್ನೂ ಅವರ ಸಾಹೇಬರನ್ನೂ ಒಮ್ಮೆ ನೆನೆಯೋಣ.